ರಂಗಮಂದಿರಗಳಿಗೆ ಹೊಸ ದೀಪಗಳ ಜೊತೆಗೆ ಒಬ್ಬ ವಿದ್ಯುತ್ ಕೆಲಸಗಾರನನ್ನೂ ಕೊಡಿ

ಮಾನ್ಯ ಸಂಪಾದಕರೇ,

ಜಿಲ್ಲಾ ಕೇಂದ್ರಗಳ ರಂಗಮಂದಿರಗಳನ್ನು ನವೀಕರಿಸುವ ಮಾತು ಬಂದಾಗಲೆಲ್ಲ ಹೊಸ ಕುರ್ಚಿ, ಹವಾನಿಯಂತ್ರಣ, ಧ್ವನಿವರ್ಧಕ, ಎಲ್‌ಇಡಿ ದೀಪಗಳ ಪಟ್ಟಿ ಸಿದ್ಧವಾಗುತ್ತದೆ. ಆ ದೀಪಗಳಿಗೆ ಕರೆಂಟು ಕೊಡುವ ಮೇನ್ ಬೋರ್ಡಿನ ಮುಂದೆ ನಾಟಕದ ಸಂಜೆ ಯಾರು ನಿಲ್ಲಬೇಕು, ಆ ಬೋರ್ಡನ್ನು ವರ್ಷಕ್ಕೊಮ್ಮೆಯಾದರೂ ಯಾರು ತೆರೆದು ನೋಡಬೇಕು ಎಂಬುದು ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ನಾನು 1997ರಿಂದ ನಾಟಕಗಳಿಗೆ ವಿದ್ಯುತ್ ಕೆಲಸ ಮಾಡುತ್ತ ಬಂದವನು. ಮೊದಲು ಕಂಪನಿ ನಾಟಕಗಳಲ್ಲಿ ಸೋದರಮಾವನ ಕೈಕೆಳಗೆ, ಆಮೇಲೆ ಐಟಿಐ ಮುಗಿಸಿ ವೈರ್‌ಮನ್ ಪರವಾನಗಿ ಪಡೆದು ಹವ್ಯಾಸಿ ತಂಡಗಳೊಂದಿಗೆ, ಧಾರವಾಡ, ಗದಗ, ಬಾಗಲಕೋಟೆ, ಹಾವೇರಿಯ ಕಡೆಗಳಲ್ಲಿ ದುಡಿದಿದ್ದೇನೆ. ಪ್ರತಿಯೊಂದು ಸರ್ಕಾರಿ ರಂಗಮಂದಿರದಲ್ಲಿ ರಂಗದ ಕೆಲಸ ಬಲ್ಲ, ಪರವಾನಗಿಯುಳ್ಳ ಒಬ್ಬ ವಿದ್ಯುತ್ ಕೆಲಸಗಾರನ ಕಾಯಂ ಹುದ್ದೆ ಇರಬೇಕು ಎಂಬುದು ನನ್ನ ಬೇಡಿಕೆ. ಅದು ಏಕೆ ಬೇಕು ಎಂಬುದನ್ನು ವಿವರಿಸಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಹೆಚ್ಚೇ ಸ್ಥಳವನ್ನು ಕೇಳುತ್ತಿದ್ದೇನೆ.

ನಾಟಕ ನೋಡುವವರಲ್ಲಿ ಹೆಚ್ಚಿನವರು ಬೆಳಕಿನ ವಿನ್ಯಾಸಕಾರರನ್ನೂ ವಿದ್ಯುತ್ ಕೆಲಸಗಾರರನ್ನೂ ಒಂದೇ ಎಂದು ತಿಳಿದಿರುತ್ತಾರೆ. ವಿ. ರಾಮಮೂರ್ತಿಯವರಂಥವರು ಕನ್ನಡ ರಂಗಭೂಮಿಯಲ್ಲಿ ಬೆಳಕಿಗೆ ಅದರದೇ ಆದ ಸ್ಥಾನ ದೊರಕಿಸಿಕೊಟ್ಟರು. ಕೋಲ್ಕತ್ತದಲ್ಲಿ ತಾಪಸ್ ಸೇನ್ ಅವರು 1959ರ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲ ಗಣಿಯೊಳಕ್ಕೆ ನೀರು ನುಗ್ಗುವುದನ್ನು ಬೆಳಕಿನಿಂದಲೇ ಕಾಣಿಸಿದ್ದನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಯಾವ ದೃಶ್ಯದಲ್ಲಿ ಯಾವ ದಿಕ್ಕಿನಿಂದ, ಯಾವ ಬಣ್ಣದ, ಎಷ್ಟು ಬೆಳಕು ಬೀಳಬೇಕು ಎಂಬುದನ್ನು ವಿನ್ಯಾಸಕಾರರು ನಿರ್ಧರಿಸುತ್ತಾರೆ. ಆ ದೀಪವನ್ನು ಇಪ್ಪತ್ತು ಅಡಿ ಎತ್ತರದ ಪೈಪಿಗೆ ತೂಗುಹಾಕಿ, ಕೆಳಗೆ ನಟಿಸುವವರ ತಲೆಯ ಮೇಲೆ ಬೀಳದಂತೆ ಸೇಫ್ಟಿ ಚೈನು ಬಿಗಿದು, ಅದು ಎಳೆಯುವ ಕರೆಂಟಿನ ಭಾರವನ್ನು ಮೂರು ಫೇಸುಗಳಿಗೆ, ಅಂದರೆ ಕರೆಂಟು ತರುವ ಮೂರು ತಂತಿಗಳಿಗೆ, ಹಂಚಿ, ಕೇಬಲ್ ಬಿಸಿಯಾಗದಂತೆ, ಕಬ್ಬಿಣದ ಪೈಪಿಗೆ ಕರೆಂಟು ಇಳಿಯದಂತೆ, ನಾಟಕ ಮುಗಿಯುವ ತನಕ ಅದು ಆರದಂತೆ ಕಾಯುವುದು ನಮ್ಮ ಕೆಲಸ. ಸಣ್ಣ ತಂಡಗಳಲ್ಲಿ ಈ ಎರಡನ್ನೂ ಒಬ್ಬನೇ ಮಾಡುವುದುಂಟು. ಹಾಗೆ ಮಾಡುವಾಗಲೂ ಇವು ಎರಡು ಬೇರೆ ಬೇರೆ ವಿದ್ಯೆಗಳು.

ನಮ್ಮ ಒಂದು ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆ ಅದೇ ಸಭಾಂಗಣದಲ್ಲಿ ಯಾವುದೋ ಇಲಾಖೆಯ ಕಾರ್ಯಾಗಾರವೋ ಶಾಲೆಯ ವಾರ್ಷಿಕೋತ್ಸವವೋ ಇರುತ್ತದೆಯಾದ್ದರಿಂದ ನಾಟಕದವರಿಗೆ ರಂಗ ಸಿಗುವುದು ಮಧ್ಯಾಹ್ನದ ಊಟದ ನಂತರವೇ. ಸಂಜೆ ಆರೂವರೆಗೆ ನಾಟಕ. ಆ ನಾಲ್ಕು ತಾಸಿನೊಳಗೆ ದೀಪಗಳನ್ನು ಗಾಡಿಯಿಂದ ಇಳಿಸಿ, ಮೇಲೇರಿಸಿ, ಒಂದೊಂದಕ್ಕೂ ವೈರು ಎಳೆದು, ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್‌ಗೆ ಜೋಡಿಸಿ, ನಿರ್ದೇಶಕರು ಹೇಳಿದ ಕಡೆಗೆ ತಿರುಗಿಸಿ ಬಿಗಿಯಬೇಕು. ಏಣಿ ಸಾಮಾನ್ಯವಾಗಿ ಸಭಾಂಗಣದ್ದೇ ಆಗಿದ್ದು, ಅದರ ಒಂದೆರಡು ಮೆಟ್ಟಿಲುಗಳಿಗೆ ಹಗ್ಗ ಸುತ್ತಿರುತ್ತದೆ. ಕೆಳಗೆ ಒಬ್ಬ ಹುಡುಗ ಅದನ್ನು ಹಿಡಿದು ನಿಂತಿರುತ್ತಾನೆ. ಸೊಂಟದ ಪಟ್ಟಿಯನ್ನು ನಾನು ಸ್ವಂತ ದುಡ್ಡಿನಲ್ಲಿ ಕೊಂಡದ್ದು ಕೆಲಸಕ್ಕೆ ಸೇರಿ ಹದಿನೈದು ವರ್ಷಗಳಾದ ಮೇಲೆ. ಹ್ಯಾಲೊಜನ್ ಬಲ್ಬನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಗುಲಿದ ಜಾಗದಲ್ಲಿ ಗಾಜು ಕಾದು ಒಡೆಯುತ್ತದೆ. ತಣ್ಣಗಿರುವ ಬಲ್ಬಿಗೆ ಒಮ್ಮೆಲೇ ಪೂರ್ಣ ಕರೆಂಟು ಕೊಟ್ಟರೆ ಅದು ಹತ್ತು ಪಟ್ಟಿಗೂ ಹೆಚ್ಚು ಎಳೆಯುತ್ತದೆಯಾದ್ದರಿಂದ ಪ್ರದರ್ಶನಕ್ಕೆ ಮುನ್ನ ತಂತಿ ಕಂಡೂ ಕಾಣದಷ್ಟು ಕೆಂಪಗಾಗುವ ಹಾಗೆ ಡಿಮ್ಮರನ್ನು ತುಸುವೇ ಏರಿಸಿ ಇಡಬೇಕು. ಸುರುಳಿ ಬಿಚ್ಚದೆ ಮೂಲೆಯಲ್ಲಿ ಬಿಟ್ಟ ಕೇಬಲ್ ತನ್ನ ಬಿಸಿಯನ್ನು ತಾನೇ ಹಿಡಿದುಕೊಂಡು ಕರಗುತ್ತದೆ. ಎಷ್ಟೇ ಅವಸರವಿದ್ದರೂ ಅದನ್ನು ಪೂರ್ತಿ ಬಿಚ್ಚಿ ಹಾಸಬೇಕು. ಇವುಗಳಲ್ಲಿ ಯಾವುದನ್ನೂ ಐಟಿಐಯಲ್ಲಿ ನನಗೆ ಹೇಳಿಕೊಡಲಿಲ್ಲ. ಕೆಲವನ್ನು ಮಾವ ಹೇಳಿಕೊಟ್ಟರು, ಕೆಲವನ್ನು ಸುಟ್ಟ ಬೆರಳು ಹೇಳಿಕೊಟ್ಟಿತು.

ಮಾವನ ಬಗ್ಗೆ ಇಲ್ಲಿ ಬರೆಯಲೇಬೇಕು. ಬಾದಾಮಿಯ ಬನಶಂಕರಿ ಜಾತ್ರೆಗೆ ಪ್ರತಿ ಜನವರಿಯಲ್ಲಿ ಹಲವು ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರುಗಳನ್ನು ಕಟ್ಟುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ತಗಡಿನ ಗೋಡೆ, ತಗಡಿನ ಮೇಲ್ಛಾವಣಿ, ಕಬ್ಬಿಣದ ಕಂಬ, ಹೊರಗೆ ಜನರೇಟರ್. ಎಲ್ಲಾದರೂ ಒಂದು ವೈರಿನ ಸಿಪ್ಪೆ ಸುಲಿದು ತಗಡಿಗೆ ತಾಗಿದರೆ, ಟಿಕೆಟಿಗೆ ಸಾಲು ನಿಂತು ಗೋಡೆಗೆ ಒರಗಿದವರೆಲ್ಲರ ಜೀವಕ್ಕೆ ಅಪಾಯ. ಅದಕ್ಕಾಗಿ ಮಾವ ಪ್ರತಿಯೊಂದು ಸಾಲಿನ ತಗಡನ್ನೂ ಜಿಐ ತಂತಿಯಿಂದ ಒಂದಕ್ಕೊಂದು ಬಿಗಿದು, ನೆಲದಲ್ಲಿ ಹೂತ ಪೈಪಿಗೆ ಕಟ್ಟಿಸುತ್ತಿದ್ದರು. ಇದ್ದಿಲು ಮತ್ತು ಉಪ್ಪು ತುಂಬಿದ ಆ ಗುಂಡಿಗೆ ದಿನವೂ ಸಂಜೆ ಎರಡು ಕೊಡ ನೀರು ಹಾಕುವುದು ನನ್ನ ಪಾಲಿನ ಮೊದಲ ಕೆಲಸವಾಗಿತ್ತು. ನೀರು ಹಾಕಿ ಬಂದ ಮೇಲೆ ಅವರು ಟೆಸ್ಟ್ ಲ್ಯಾಂಪ್ ತೆಗೆಯುತ್ತಿದ್ದರು. ಎರಡು ವೈರಿನ ತುದಿಗೆ ಒಂದು 100 ವ್ಯಾಟ್ ಬಲ್ಬು, ಅಷ್ಟೇ. ಫೇಸಿಗೂ, ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿಗೂ ಹಿಡಿದರೆ ಬಲ್ಬು ಪೂರ್ಣವಾಗಿ ಉರಿಯುತ್ತದೆ. ನ್ಯೂಟ್ರಲ್ ಬಿಟ್ಟು ಅರ್ಥ್‌ಗೆ, ಅಂದರೆ ನೆಲಕ್ಕೆ ಇಳಿಸಿದ ಆ ತಂತಿಗೆ, ಹಿಡಿದಾಗಲೂ ಅಷ್ಟೇ ಬೆಳ್ಳಗೆ ಉರಿದರೆ ಅರ್ಥಿಂಗ್ ಗಟ್ಟಿಯಾಗಿದೆ ಎಂದರ್ಥ. ಮಂಕಾದರೆ ಗುಂಡಿ ಒಣಗಿದೆ ಅಥವಾ ತಂತಿ ತುಂಡಾಗಿದೆ. “ಕರೆಂಟು ಕಣ್ಣಿಗೆ ಕಾಣಂಗಿಲ್ಲ ತಮ್ಮಾ, ಕೈಗಿಂತ ಮೊದಲ ಈ ಲ್ಯಾಂಪ್ ಮುಂದ ಹೋಗಬೇಕು” ಎನ್ನುತ್ತಿದ್ದರು. ಆರನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಅವರು ನೋಡಿಕೊಂಡ ಥಿಯೇಟರುಗಳಲ್ಲಿ ನನಗೆ ತಿಳಿದಂತೆ ಒಬ್ಬರಿಗೂ ಷಾಕ್ ಹೊಡೆಯಲಿಲ್ಲ.

ತಗಡಿನ ಥಿಯೇಟರಿನಲ್ಲಿ ದಿನವೂ ನಡೆಯುತ್ತಿದ್ದ ಆ ಪರೀಕ್ಷೆ ಕಾಂಕ್ರೀಟಿನ ರಂಗಮಂದಿರಗಳಲ್ಲಿ ವರ್ಷಗಟ್ಟಲೆ ನಡೆಯುವುದಿಲ್ಲ. ನಾನು ಕೆಲಸ ಮಾಡಿದ ಸಭಾಂಗಣಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ರಂಗದ ಪ್ಲಗ್ಗುಗಳನ್ನು ಒಂದೊಂದಾಗಿ ಪರೀಕ್ಷಿಸುವ ರೂಢಿ ನನಗಿದೆ. ಮೂರನೆಯ ರಂಧ್ರಕ್ಕೆ ಹಿಂದೆ ತಂತಿಯೇ ಇಲ್ಲದ ಪ್ಲಗ್ಗುಗಳನ್ನು, ಫೇಸು ಮತ್ತು ನ್ಯೂಟ್ರಲ್ ಅದಲುಬದಲಾದ ಪ್ಲಗ್ಗುಗಳನ್ನು ಎಷ್ಟು ಸಲ ನೋಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. 1000 ವ್ಯಾಟಿನ ಒಂದು ಪಾರ್ ಕ್ಯಾನ್ ದೀಪವು 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. 15 ಆಂಪಿಯರಿನ ಒಂದು ಪ್ಲಗ್ಗಿಗೆ ಮೂರು ದೀಪ ಹಾಕಬಹುದೇ ಹೊರತು ಐದು ಹಾಕಲು ಬರುವುದಿಲ್ಲ. ಈ ಸರಳ ಲೆಕ್ಕವನ್ನು ಕೇಳುವವರೂ ಹೇಳುವವರೂ ಇಲ್ಲದ ಕಡೆ ಜಂಕ್ಷನ್ ಬಾಕ್ಸಿನ ಮೇಲೆ ಜಂಕ್ಷನ್ ಬಾಕ್ಸು ಏರುತ್ತ ಹೋಗುತ್ತದೆ.

2016ರ ಮಳೆಗಾಲದಲ್ಲಿ ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ರಂಗಮಂದಿರದಲ್ಲಿ ನಡೆದದ್ದನ್ನು ಬರೆಯುತ್ತೇನೆ. ಊರಿನ ಹೆಸರು ಬೇಡ. ಈ ಸ್ಥಿತಿ ಒಂದೇ ಊರಿನದಲ್ಲವಾದ್ದರಿಂದ ಒಬ್ಬರ ಮೇಲೆ ಬೊಟ್ಟು ಮಾಡುವುದು ನ್ಯಾಯವಾಗುವುದಿಲ್ಲ. ಶಿಕ್ಷಕರೇ ಕೂಡಿ ಕಟ್ಟಿದ ಹವ್ಯಾಸಿ ತಂಡದ ನಾಟಕ ಅದು. ಒಟ್ಟು 24 ದೀಪಗಳನ್ನು ಮೂರು ಫೇಸುಗಳ ಮೇಲೆ ಎಂಟೆಂಟರಂತೆ ಹಂಚಿದ್ದೆ. ಒಂದೊಂದು ಫೇಸಿನ ಮೇಲೆ ಸುಮಾರು 35 ಆಂಪಿಯರ್. ಮೇನ್ ಬೋರ್ಡಿನ ಕೋಣೆಯನ್ನು ಮಧ್ಯಾಹ್ನ ಒಮ್ಮೆ ತೆರೆಸಿ, ಅಲ್ಲಿಂದ ಸರಬರಾಜು ಪಡೆದೆವು; ಒಳಗಿನ ಜೋಡಣೆಗಳನ್ನು ಬಿಚ್ಚಿ ನೋಡಲು ನಮಗೆ ಅನುಮತಿ ಇರಲಿಲ್ಲ. ಎರಡನೆಯ ಅಂಕದಲ್ಲಿ ಮುಸ್ಸಂಜೆಯ ದೃಶ್ಯವೊಂದಿತ್ತು. ತಾಯಿ ಹೊಸ್ತಿಲ ಬಳಿ ದೀಪ ಹಚ್ಚಿಟ್ಟು ಮಗನಿಗಾಗಿ ಕಾಯುತ್ತಾಳೆ. ನಾಲ್ಕು ನಿಮಿಷಗಳ ಕಾಲ ಬೆಳಕು ಯಾರಿಗೂ ಗೊತ್ತಾಗದಂತೆ ಇಳಿಯುತ್ತ ಹೋಗಬೇಕು. ನನ್ನ ಎಡಗೈ ಹಿಂಬದಿಯ ನೀಲಿ ದೀಪಗಳ ಮೇಲೆ, ಬಲಗೈ ಮುಂಬದಿಯ ಹಳದಿ ದೀಪಗಳ ಮೇಲೆ ಇತ್ತು. ಅರ್ಧದಷ್ಟು ಇಳಿಸಿದ್ದೆ. ಆಗ ನಾನು ಏನೂ ಮಾಡದೆಯೇ ಬಲಗಡೆಯ ದೀಪಗಳು ಏರತೊಡಗಿದವು. ಹಳದಿಯಾಗಿದ್ದದ್ದು ಬೆಳ್ಳಗಾಯಿತು, ಕಣ್ಣು ಕೋರೈಸಿತು; ಎಡಗಡೆಯವು ಕೆಂಡದಂತೆ ಕುಗ್ಗಿದವು. ಬಣ್ಣದ ಕೋಣೆಯಲ್ಲಿ ಬಲ್ಬು ಒಡೆದ ಸದ್ದು ಕೇಳಿತು, ಧ್ವನಿವರ್ಧಕದ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು.

ನ್ಯೂಟ್ರಲ್ ಕಳಚಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ನ್ಯೂಟ್ರಲ್ ಇಲ್ಲದಾಗ 230 ವೋಲ್ಟಿನ ಉಪಕರಣಗಳು ಎರಡು ಫೇಸುಗಳ ನಡುವೆ ಸಿಕ್ಕಿಬಿದ್ದು, ಭಾರ ಕಡಿಮೆ ಇದ್ದ ಕಡೆಗೆ 400 ವೋಲ್ಟಿನ ಹತ್ತಿರದವರೆಗೂ ಏರಬಹುದು. ಮೇನ್ ಸ್ವಿಚ್ಚನ್ನು ಇಳಿಸುವುದೊಂದೇ ದಾರಿ. ಓಡಿದೆ. ಕೋಣೆಗೆ ಬೀಗ ಹಾಕಿತ್ತು. ಕಾವಲುಗಾರನನ್ನು ಕೇಳಿದರೆ, “ಕೀಲಿ ಸಾಹೇಬ್ರ ಕಡೆ ಐತ್ರಿ, ಸಾಹೇಬ್ರು ಮನಿಗೆ ಹೋಗ್ಯಾರ” ಎಂದ. ಅವನ ತಪ್ಪೇನೂ ಇರಲಿಲ್ಲ. ಅವನಿಗೆ ಹೇಳಿದ್ದೇ ಅಷ್ಟು. ದೀಪದ ಸ್ಟ್ಯಾಂಡಿನ ಕಬ್ಬಿಣದ ಕಾಲನ್ನು ಬಿಚ್ಚಿ ತಂದು ಬೀಗ ಮುರಿದೆ. ಸರ್ಕಾರಿ ಬೀಗ ಮುರಿದದ್ದಕ್ಕಾಗಿ ಮರುದಿನ ನಾನು ಲಿಖಿತ ವಿವರಣೆ ಕೊಡಬೇಕಾಯಿತು.

ಮೇನ್ ಇಳಿಸಿ ಬೋರ್ಡು ತೆರೆದರೆ ನ್ಯೂಟ್ರಲ್ ತಂತಿ ಸೇರುವ ಲಿಂಕಿನ ಬೇಕಲೈಟ್ ತುಂಡು ಸುಟ್ಟು ಇದ್ದಿಲಾಗಿತ್ತು. ಫೇಸುಗಳಿಗೆ ಹಾಕಿದ ಕೇಬಲ್ಲಿನ ಅರ್ಧ ಗಾತ್ರದ್ದನ್ನು ನ್ಯೂಟ್ರಲ್‌ಗೆ ಹಾಕಿದ್ದರು. ಅದೂ ಅಲ್ಯೂಮಿನಿಯಂ ಕೇಬಲ್. ಅದನ್ನು ನಡುವೆ ಕೇಬಲ್ಲಿನ ತುದಿಗೆ ಕೂಡಿಸುವ ಯಾವ ಸರಿಯಾದ ಲೋಹದ ಲಗ್ಗೂ ಇಲ್ಲದೆ ನೇರವಾಗಿ ತಾಮ್ರದ ಪಟ್ಟಿಗೆ ಬಿಗಿದಿದ್ದರು. ಈ ಎರಡು ಲೋಹಗಳು ಹಾಗೆ ಸೇರಿದ ಕಡೆ ಕಾಲಕ್ರಮೇಣ ಕಿಲುಬು ಹಿಡಿದು, ಬಿಗಿತ ಸಡಿಲವಾಗಿ, ಬಿಸಿ ಹೆಚ್ಚುತ್ತ ಹೋಗುತ್ತದೆ. ಸುಟ್ಟ ತುದಿಯನ್ನು ಕತ್ತರಿಸಿ, ನನ್ನ ಚೀಲದಲ್ಲಿದ್ದ ಲಗ್ಗನ್ನು ಒತ್ತಿ ಕೂಡಿಸಿ, ಬೋಲ್ಟು ಬಿಗಿದು ಟೇಪು ಸುತ್ತಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ತಂಡದ ಹಿರಿಯ ಶಿಕ್ಷಕರೊಬ್ಬರು ಮೊಬೈಲುಗಳ ಬೆಳಕಿನಲ್ಲಿ ಮೈಕಿಲ್ಲದೆ ರಂಗಗೀತೆಗಳನ್ನು ಹಾಡಿ ಜನರನ್ನು ಕೂರಿಸಿಕೊಂಡಿದ್ದರು. ಉಳಿದ ನಾಟಕವನ್ನು ಹತ್ತು ದೀಪಗಳಲ್ಲಿ ಮುಗಿಸಿದೆವು. ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ. ಪರದೆಗೆ ಹತ್ತಿರವಿದ್ದ ಒಂದು ದೀಪ ಒಡೆದಿದ್ದರೆ ನಾನು ಈ ಪತ್ರವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಈ ನ್ಯೂಟ್ರಲ್ ಏಕೆ ಸುಟ್ಟಿತು ಎಂಬುದರಲ್ಲಿಯೇ ನನ್ನ ಬೇಡಿಕೆಯ ತಿರುಳಿದೆ. ಮೂರು ಫೇಸುಗಳ ಮೇಲೆ ಸಮನಾಗಿ ಭಾರ ಹಂಚಿದರೆ ನ್ಯೂಟ್ರಲ್‌ನಲ್ಲಿ ಅವು ಒಂದನ್ನೊಂದು ಅಳಿಸಿ ಬಹುತೇಕ ಏನೂ ಉಳಿಯುವುದಿಲ್ಲ ಎಂಬುದು ನಾವೆಲ್ಲ ಕಲಿತ ಪಾಠ. ಕಟ್ಟಡದ ವೈರಿಂಗ್ ಮಾಡುವವರು ಅದನ್ನು ನಂಬಿಯೇ ನ್ಯೂಟ್ರಲ್‌ಗೆ ಸಣ್ಣ ಕೇಬಲ್ ಹಾಕುತ್ತಿದ್ದರು. ಫ್ಯಾನು, ಟ್ಯೂಬ್‌ಲೈಟು ಇರುವ ಕಚೇರಿ ಕಟ್ಟಡದಲ್ಲಿ ಹೆಚ್ಚಿನ ತೊಂದರೆಯೂ ಆಗುತ್ತಿರಲಿಲ್ಲ. ರಂಗದ ಡಿಮ್ಮರ್ ಮಾತ್ರ ನಲ್ಲಿಯ ಹಾಗೆ ಹರಿವನ್ನು ಕಿರಿದು ಮಾಡುವುದಿಲ್ಲ. ಸೆಕೆಂಡಿಗೆ 100 ಸಲ ವಿದ್ಯುತ್ತಿನ ಅಲೆಯನ್ನು ನಡುವೆ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಅಲೆಗಳ ಒಂದು ಭಾಗ ನ್ಯೂಟ್ರಲ್‌ನಲ್ಲಿ ಅಳಿಸಿಹೋಗದೆ ಮೂರೂ ಫೇಸುಗಳಿಂದ ಬಂದು ಕೂಡಿಕೊಳ್ಳುತ್ತದೆ. ದೀಪಗಳು ಅರ್ಧ ಬೆಳಕಿನಲ್ಲಿರುವಾಗ ಇದು ಬಹಳ ಹೆಚ್ಚು. ಭಾರವನ್ನು ಎಷ್ಟೇ ಸಮನಾಗಿ ಹಂಚಿದರೂ ನ್ಯೂಟ್ರಲ್‌ನ ಕರೆಂಟು ಫೇಸಿನ ಕರೆಂಟನ್ನು ಮೀರಬಹುದು. ಅಂದರೆ ಮುಸ್ಸಂಜೆಯ ದೃಶ್ಯವನ್ನು ಮೆಲ್ಲಗೆ ತೋರಿಸಿದಾಗಲೇ ಆ ಸಣ್ಣ ಕೇಬಲ್ಲಿನ ಮೇಲೆ ಅತಿ ಹೆಚ್ಚಿನ ಭಾರ ಬಿದ್ದಿತ್ತು. ಮನೆ, ಕಚೇರಿಗಳ ವೈರಿಂಗ್‌ನಲ್ಲಿ ಪಳಗಿದ ಒಳ್ಳೆಯ ಎಲೆಕ್ಟ್ರಿಷಿಯನ್ ಕೂಡ ಇದನ್ನು ಊಹಿಸುವುದು ಕಷ್ಟ. ರಂಗದ ವಿದ್ಯುತ್ ಕೆಲಸ ಬಲ್ಲವನು ರಂಗಮಂದಿರದಲ್ಲಿಯೇ ಇರಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಎಲ್‌ಇಡಿ ಬಂದ ಮೇಲೆ ಇದೆಲ್ಲ ಹಳೆಯ ಕಥೆಯಾಯಿತು ಎಂದು ಕೆಲವು ಅಧಿಕಾರಿಗಳು ನನಗೆ ಹೇಳಿದ್ದುಂಟು. ಎಲ್‌ಇಡಿಯಿಂದ ಭಾರ ಬಹಳ ಕಡಿಮೆಯಾಗಿರುವುದು, ಬಿಸಿ ಇಳಿದಿರುವುದು ನಿಜ. ಬೇಸಿಗೆಯಲ್ಲಿ ಪೌರಾಣಿಕ ವೇಷ ತೊಟ್ಟು ನಿಲ್ಲುವ ನಟರು ಅದಕ್ಕೆ ಋಣಿಗಳಾಗಿದ್ದಾರೆ. ಆದರೆ ಎಲ್‌ಇಡಿಯ ಒಳಗಿರುವ ವಿದ್ಯುನ್ಮಾನ ಭಾಗಗಳೂ ಅಲೆಯನ್ನು ಕೆಡಿಸುತ್ತವೆ, ಅಲ್ಲದೆ ಒಂದೊಂದು ದೀಪವೂ ಅರ್ಥ್‌ಗೆ ತುಸು ಕರೆಂಟನ್ನು ಸಹಜವಾಗಿಯೇ ಸೋರಿಸುತ್ತದೆ. ಮನುಷ್ಯನ ಜೀವ ಉಳಿಸಲು ಹಾಕುವ ಆರ್‌ಸಿಸಿಬಿ ಎಂಬ ಸ್ವಿಚ್ಚು 30 ಮಿಲಿ ಆಂಪಿಯರ್ ಸೋರಿದ ಕೂಡಲೇ ತಾನೇ ಬಿದ್ದು ಕರೆಂಟು ಕಡಿಯುವಂಥದ್ದು. ಇಡೀ ರಂಗಕ್ಕೆ ಒಂದೇ ಆರ್‌ಸಿಸಿಬಿ ಹಾಕಿ ಅದರ ಕೆಳಗೆ ಇಪ್ಪತ್ತು ಮೂವತ್ತು ದೀಪಗಳನ್ನು ಜೋಡಿಸಿದರೆ ಈ ಸಣ್ಣ ಸೋರಿಕೆಗಳೆಲ್ಲ ಕೂಡಿ ನಾಟಕದ ನಡುವೆಯೇ ಅದು ಬೀಳುತ್ತದೆ. ಒಮ್ಮೆ ಬಿತ್ತು, ಎರಡನೆಯ ಸಲ ಬಿತ್ತು, ಸಂಘಟಕರು ಕೂಗಾಡಿದರು, ಮೂರನೆಯ ಸಲಕ್ಕೆ ಯಾರೋ ಒಬ್ಬರು ಒಂದು ತುಂಡು ವೈರು ಹಾಕಿ ಅದನ್ನು ಬೈಪಾಸ್ ಮಾಡಿಬಿಡುತ್ತಾರೆ. ಆಮೇಲೆ ಅದು ಹಾಗೆಯೇ ಉಳಿಯುತ್ತದೆ. ಮುಂದಿನ ವಾರ ಮಕ್ಕಳ ನೃತ್ಯ ಕಾರ್ಯಕ್ರಮಕ್ಕೂ ಹಾಗೆಯೇ ಇರುತ್ತದೆ. ಬೈಪಾಸ್ ಮಾಡಿದ ಆರ್‌ಸಿಸಿಬಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಭಾಂಗಣಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ರಂಗದ ಸರ್ಕ್ಯೂಟುಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ಪ್ರತಿ ಗುಂಪಿಗೂ ಪ್ರತ್ಯೇಕ ಆರ್‌ಸಿಸಿಬಿ ಕೊಟ್ಟರೆ ಈ ತೊಂದರೆ ಇರುವುದಿಲ್ಲ. ದೀಪಗಳಿಗೆ ಆಗುವ ಖರ್ಚಿನ ಮುಂದೆ ಇದರ ಖರ್ಚು ಏನೇನೂ ಅಲ್ಲ. ಟೆಂಡರಿನ ಪಟ್ಟಿಯಲ್ಲಿ ಮೂವಿಂಗ್ ಹೆಡ್ ದೀಪಗಳ ಸಂಖ್ಯೆ ಬರೆಯುವಾಗ ಇದನ್ನೂ ಬರೆಯಬೇಕೆಂದು ಹೇಳುವವರು ಆ ಮೇಜಿನ ಸುತ್ತ ಯಾರೂ ಇರುವುದಿಲ್ಲ.

ಕಾನೂನಿನ ಕೊರತೆ ಇಲ್ಲ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರ 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ನಿಯಮಗಳಲ್ಲಿ ಪರವಾನಗಿ ಇಲ್ಲದವರು ವೈರಿಂಗ್ ಕೆಲಸ ಮಾಡಬಾರದು, ಸೋರಿಕೆ ತಡೆಯುವ ಸಾಧನ ಇರಬೇಕು, ಅರ್ಥಿಂಗ್ ಸರಿ ಇರಬೇಕು ಎಂದೆಲ್ಲ ಇದೆ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯವೂ ಇದೆ. ಕೊರತೆ ಇರುವುದು ಹೊಣೆಯಲ್ಲಿ. ಕೆಲವು ರಂಗಮಂದಿರಗಳು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕೈಯಲ್ಲಿವೆ, ಕೆಲವು ನಗರಾಡಳಿತದ ಕೈಯಲ್ಲಿ, ಕೆಲವು ಸಮಿತಿಗಳ ಕೈಯಲ್ಲಿ. ಕಟ್ಟಡದ ವೈರಿಂಗ್ ದುರಸ್ತಿಗೆ ಲೋಕೋಪಯೋಗಿ ಇಲಾಖೆಯ ವಿದ್ಯುತ್ ವಿಭಾಗಕ್ಕೆ ಬರೆಯಬೇಕು. ದೀಪಗಳ ದುರಸ್ತಿಗೆ ಅವನ್ನು ಸರಬರಾಜು ಮಾಡಿದ ಗುತ್ತಿಗೆದಾರನಿಗೆ ಬರೆಯಬೇಕು. ಅವನ ಗ್ಯಾರಂಟಿ ಅವಧಿ ಮುಗಿದಿರುತ್ತದೆ. ಈ ನಡುವೆ ಸಭಾಂಗಣದಲ್ಲಿ ದಿನವೂ ಇರುವವರು ಒಬ್ಬ ಕಾವಲುಗಾರ ಮತ್ತು ಒಬ್ಬ ಸ್ವಚ್ಛತಾ ಸಿಬ್ಬಂದಿ ಮಾತ್ರ. ವ್ಯವಸ್ಥಾಪಕರು ಇನ್ನೆರಡು ಕಚೇರಿಗಳ ಹೆಚ್ಚುವರಿ ಹೊಣೆ ಹೊತ್ತಿರುತ್ತಾರೆ. ಅವರನ್ನೂ ದೂರಲು ನನಗೆ ಮನಸ್ಸಿಲ್ಲ.

ಅನಾಹುತ ಆದ ಮೇಲೆ ಎಚ್ಚರಗೊಳ್ಳುವುದು ನಮ್ಮಲ್ಲಿ ಮಾತ್ರ ಇರುವ ರೂಢಿಯೇನಲ್ಲ. 1903ರ ಡಿಸೆಂಬರ್ 30ರಂದು ಷಿಕಾಗೊದ ಇರೊಕ್ವಾ ಥಿಯೇಟರಿನಲ್ಲಿ ರಂಗದ ಆರ್ಕ್ ದೀಪದಿಂದ ಹಾರಿದ ಕಿಡಿ ಪರದೆಗೆ ಹತ್ತಿ 600ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ತಡೆಯಬೇಕಾದ ಪರದೆ ಅರ್ಧಕ್ಕೇ ಸಿಕ್ಕಿಬಿದ್ದಿತ್ತು, ಬಾಗಿಲುಗಳಿಗೆ ಅಗುಳಿ ಹಾಕಿತ್ತು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಉಸಿರುಗಟ್ಟಿ ಸತ್ತರು. ಸರಿಯಾಗಿ ದುರಸ್ತಿ ಮಾಡದ ಒಂದು ಟ್ರಾನ್ಸ್‌ಫಾರ್ಮರ್‌ನಿಂದ ಆ ಬೆಂಕಿ ಶುರುವಾಯಿತು. ನಾನು ಮಾವನ ಕೈಕೆಳಗೆ ಕೆಲಸಕ್ಕೆ ಸೇರಿದ್ದು ಅದೇ ವರ್ಷ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿಸಿಕೊಂಡು ಕೇಳಿದ ಮಾವ, ಮರುದಿನ ಬೆಳಿಗ್ಗೆ ನಮ್ಮ ಥಿಯೇಟರಿನ ಹಿಂಬಾಗಿಲಿಗೆ ಒರಗಿಸಿಟ್ಟಿದ್ದ ಸೀನರಿ ಪರದೆಗಳನ್ನೆಲ್ಲ ಎತ್ತಿಸಿ ದಾರಿ ಮಾಡಿಸಿದ್ದು ನನಗೆ ನೆನಪಿದೆ.

ಕಾಯಂ ಹುದ್ದೆ ಎಂದರೆ ದೊಡ್ಡ ಸಂಬಳದ ಅಧಿಕಾರಿ ಬೇಕೆಂದಲ್ಲ. ಐಟಿಐ ಮುಗಿಸಿ ವೈರ್‌ಮನ್ ಪರವಾನಗಿ ಪಡೆದ ಒಬ್ಬ ಯುವಕ ಅಥವಾ ಯುವತಿಗೆ ಮೂರು ತಿಂಗಳು ರಂಗದ ಕೆಲಸ ಕಲಿಸಿದರೆ ಸಾಕು. ಕಲಿಸುವ ಜಾಗಗಳು ನಮ್ಮಲ್ಲಿಯೇ ಇವೆ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ 1980ರಿಂದಲೂ ನಟನೆಯ ಜೊತೆಗೆ ರಂಗತಂತ್ರವನ್ನೂ ಕಲಿಸುತ್ತಿದ್ದಾರೆ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣಕ್ಕೆ ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ಘಟಕಗಳಿವೆ. ಬೆಂಗಳೂರಿನ ರಂಗಶಂಕರದಲ್ಲಿ 2004ರಿಂದ ನಾಟಕಗಳು ನಿಗದಿತ ಹೊತ್ತಿಗೆ ಸರಿಯಾಗಿ ಶುರುವಾಗುತ್ತವೆ ಎಂದು ಎಲ್ಲರೂ ಮೆಚ್ಚುತ್ತಾರೆ. ರಂಗದ ತಾಂತ್ರಿಕ ಕೆಲಸವನ್ನು ಬಲ್ಲವರು ಅದೇ ಕಟ್ಟಡದಲ್ಲಿ ಇಲ್ಲದಿದ್ದರೆ ಇಂಥ ಸಮಯಪಾಲನೆ ಸಾಧ್ಯವಿಲ್ಲ ಎಂಬುದನ್ನು ನಮ್ಮ ಕಸುಬಿನವರು ಚೆನ್ನಾಗಿ ಬಲ್ಲರು. ಜಿಲ್ಲೆಯ ರಂಗಮಂದಿರದಲ್ಲಿ ಹಾಗೊಬ್ಬರಿದ್ದರೆ, ಹೊರಗಿನಿಂದ ಬರುವ ತಂಡಕ್ಕೆ ಯಾವ ಪ್ಲಗ್ಗಿನಲ್ಲಿ ಎಷ್ಟು ಭಾರ ಸಿಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಬಹುದು, ಮೇನ್ ಕೋಣೆಯ ಕೀಲಿ ಪ್ರದರ್ಶನದ ಹೊತ್ತಿನಲ್ಲಿ ಅವರ ಜೇಬಿನಲ್ಲಿಯೇ ಇರುತ್ತದೆ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ ಪುಸ್ತಕದಲ್ಲಿ ದಾಖಲಿಸಬಹುದು. ಪರಿವೀಕ್ಷಣಾಲಯದವರು ವರ್ಷಕ್ಕೊಮ್ಮೆ ಬಂದಾಗ ಆ ಪುಸ್ತಕವನ್ನು ನೋಡಿ, ತಮ್ಮ ಪ್ರಮಾಣಪತ್ರವನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲಿ ಪ್ರೇಕ್ಷಕರಿಗೆ ಕಾಣುವಂತೆ ಹಾಕಿಸಲಿ.

ಇದರ ಜೊತೆಗೆ ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಮಾವ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮನೆ ಹಿಡಿದ ಮೇಲೆ ಅವರ ಪರವಾಗಿ ನಾನು ಅರ್ಜಿ ಬರೆದೆ. ಕಲಾಸೇವೆಗೆ ದಾಖಲೆಗಳಾಗಿ ಆಮಂತ್ರಣ ಪತ್ರಿಕೆ, ಕರಪತ್ರ, ಫೋಟೊಗಳನ್ನು ಕೇಳಿದರು. ಟ್ರಂಕಿನಲ್ಲಿದ್ದ ಕರಪತ್ರಗಳನ್ನೆಲ್ಲ ನೆಲದ ಮೇಲೆ ಹರಡಿ ನಾನು ಮತ್ತು ಅತ್ತೆ ಒಂದು ಮಧ್ಯಾಹ್ನವೆಲ್ಲ ಹುಡುಕಿದೆವು. ನಟರ ಹೆಸರು, ಹಾರ್ಮೋನಿಯಂ, ತಬಲಾ ನುಡಿಸಿದವರ ಹೆಸರು, ಪರದೆ ಬರೆದವರ ಹೆಸರು, ಟಿಕೆಟ್ ದರ, ಮಾಲೀಕರ ವಿನಂತಿ ಎಲ್ಲ ಇದ್ದವು. ಮೂವತ್ತೆಂಟು ವರ್ಷ ಆ ರಂಗಗಳಿಗೆ ಬೆಳಕು ಕೊಟ್ಟ ಮಾವನ ಹೆಸರು ಒಂದೇ ಒಂದು ಕರಪತ್ರದಲ್ಲಿಯೂ ಇರಲಿಲ್ಲ. ಒಂದು ಗುಂಪುಚಿತ್ರದ ಅಂಚಿನಲ್ಲಿ, ಹೆಗಲ ಮೇಲೆ ವೈರಿನ ಸುರುಳಿ ಹಾಕಿಕೊಂಡು ನಿಂತಿದ್ದವರು ಅವರೇ ಎಂದು ಅತ್ತೆ ಗುರುತಿಸಿದರು. ಅದನ್ನೇ ಲಗತ್ತಿಸಿದೆವು. ಅರ್ಜಿಗೆ ಉತ್ತರ ಬರುವ ಮೊದಲೇ ಮಾವ ತೀರಿಕೊಂಡರು.

ರಾಜ್ಯದಲ್ಲಿ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಕಾಯ್ದೆಯೊಂದು ಬಂದಿದ್ದು, ಚಿತ್ರಮಂದಿರದ ಟಿಕೆಟಿನ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಸಂಗ್ರಹಿಸಿ ಕಲ್ಯಾಣ ನಿಧಿ ಮಾಡುವ ಏರ್ಪಾಡು ಅದರಲ್ಲಿದೆ. ಈ ಕಾಯ್ದೆಯ ಪ್ರಯೋಜನ ಯಾರಿಗೆ ಎಂಬುದನ್ನು ವಿವರಿಸುವ ಕಡೆ ನಾಟಕದ ವಿದ್ಯುತ್ ಕೆಲಸಗಾರ, ಪರದೆ ಎಳೆಯುವವ, ರಂಗಸಜ್ಜಿಕೆಯ ಬಡಗಿ, ಪ್ರಸಾಧನದವರು ಎಂದು ಬಿಡಿಸಿ ಹೆಸರಿಸಬೇಕೆಂದು ಕೇಳಿಕೊಳ್ಳುತ್ತೇನೆ. ‘ಇತರರು’ ಎಂಬ ಪದದಲ್ಲಿ ನಮ್ಮನ್ನು ಸೇರಿಸಿದರೆ ನಾವು ಮತ್ತೆ ಗುಂಪುಚಿತ್ರದ ಅಂಚಿಗೇ ಹೋಗುತ್ತೇವೆ. ನಾಟಕ ತಂಡಗಳ ಗೆಳೆಯರಲ್ಲಿಯೂ ನನ್ನದೊಂದು ವಿನಂತಿ ಇದೆ. ಆಮಂತ್ರಣ ಪತ್ರಿಕೆಯಲ್ಲಿ ‘ಬೆಳಕು’ ಎಂಬುದರ ಕೆಳಗೆ ‘ವಿದ್ಯುತ್’ ಎಂದು ಇನ್ನೊಂದು ಸಾಲು ಹಾಕಿ, ಏಣಿ ಹತ್ತಿದವನ ಹೆಸರನ್ನು ಅಚ್ಚು ಮಾಡಿಸಿ.

ಕಳೆದ ತಿಂಗಳು, ನಾನು ಬೀಗ ಮುರಿದಿದ್ದ ಅದೇ ರಂಗಮಂದಿರಕ್ಕೆ ಬೇರೊಂದು ತಂಡದೊಂದಿಗೆ ಹೋಗಿದ್ದೆ. ರಂಗದ ಪಕ್ಕದಲ್ಲಿ ಹೊಸ ಎಲ್‌ಇಡಿ ದೀಪಗಳ ರಟ್ಟಿನ ಪೆಟ್ಟಿಗೆಗಳು ಸಾಲಾಗಿದ್ದವು. ಕೆಲವನ್ನು ಇನ್ನೂ ಬಿಚ್ಚಿರಲಿಲ್ಲ. ಈ ಸಲ ವ್ಯವಸ್ಥಾಪಕರೇ ಬಂದು ಕೋಣೆ ತೆರೆದು, ಮೇನ್ ಇಳಿಸಿ ಬೋರ್ಡು ನೋಡಲು ಬಿಟ್ಟರು. ಆ ರಾತ್ರಿ ನಾನು ತಾತ್ಕಾಲಿಕವೆಂದು ಬಿಗಿದ ಬೋಲ್ಟು, ಸುತ್ತಿದ ಕಪ್ಪು ಟೇಪು, ಅರ್ಧ ಗಾತ್ರದ ಅದೇ ಕೇಬಲ್ ಹಾಗೆಯೇ ಇವೆ. ಮರುದಿನ ನಾನು ಕೊಟ್ಟಿದ್ದ ವಿವರಣೆಯಲ್ಲಿ ಅದನ್ನು ಹದಿನೈದು ದಿನದೊಳಗೆ ಬದಲಾಯಿಸಬೇಕೆಂದು ಬರೆದಿದ್ದೆ. ಈ ಮಳೆಗಾಲಕ್ಕೆ ಮುನ್ನವಾದರೂ ರಾಜ್ಯದ ಎಲ್ಲ ಸರ್ಕಾರಿ ರಂಗಮಂದಿರಗಳ ಮೇನ್ ಬೋರ್ಡುಗಳನ್ನು ಪರಿವೀಕ್ಷಕರಿಂದ ತೆರೆಸಿ ನೋಡಿಸಬೇಕು, ಆ ನಂತರವೇ ಹೊಸ ದೀಪಗಳನ್ನು ಜೋಡಿಸಬೇಕು ಎಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರಂಗ ವಿದ್ಯುತ್ ಕೆಲಸಗಾರ,
ಧಾರವಾಡ